ಅರ್ಧ ಕೂಲಿಯ ನಗು

ಹತ್ತಿ ಜಿನ್ನಿನಲ್ಲಿ ದುಡಿಯುವವರಿಗೆ ಮೊದಲು ಕೆಡುವುದು ಮೂಗು. ಆಮೇಲೆ ಗಂಟಲು. ಕೊನೆಗೆ ಎದೆ.

ಬೈಲಹೊಂಗಲದ ದುಂಡಪ್ಪ ಸಾವಕಾರನ ಜಿನ್ನಿನಲ್ಲಿ ಯಂತ್ರಗಳ ಮುಂದೆ ಸಾಲಾಗಿ ಕೂತು ಹತ್ತಿ ಉಣಿಸುತ್ತಿದ್ದವರೆಲ್ಲ ಹೊಲಗೇರಿಯ ಹೆಂಗಸರು. ಮುಂಜಾನೆ ಭೋಂಗಾ ಕೂಗಿದಾಗ ಕೂತರೆ ಸಂಜೆ ಕೂಗಿದಾಗ ಏಳಬೇಕು. ಉರುಳೆ ಹತ್ತಿಯನ್ನು ಎಳೆದುಕೊಳ್ಳುತ್ತಿತ್ತು. ಕಾಳು ಕೆಳಗೆ ಉದುರುತ್ತಿತ್ತು. ಕಾಳು ಬಿಟ್ಟ ಬಿಳಿ ಹತ್ತಿ, ಅರಳಿ, ಆಚೆ ಬೀಳುತ್ತಿತ್ತು. ಧೂಳಿಗೆ ಮಾತ್ರ ದಾರಿ ಇರಲಿಲ್ಲ. ಕಿಟಕಿ ತೆರೆದರೆ ಅರಳಿ ಹಾರಿಹೋಗುತ್ತದೆ ಎಂದು ಸಾವಕಾರ ಕಿಟಕಿಗಳಿಗೆಲ್ಲ ಹಲಗೆ ಬಡಿಸಿದ್ದ. ಧೂಳು ಹೆಂಗಸರ ಒಳಗೆ ಹೋಗುತ್ತಿತ್ತು. ರಾತ್ರಿ ಕೇರಿಯ ತುಂಬ ಕೆಮ್ಮು. ಯಾವ ಗುಡಿಸಲಿನದು ಯಾರ ಕೆಮ್ಮು ಎಂದು ಎಲ್ಲರಿಗೂ ಗೊತ್ತಿತ್ತು.

ಆ ಸಾಲಿನಲ್ಲಿ ನಗುತ್ತಿದ್ದವಳು ಬಾಯವ್ವ ಒಬ್ಬಳೇ.

ಸುಮ್ಮನೆ ನಗುತ್ತಿರಲಿಲ್ಲ. ನಗಿಸುತ್ತಿದ್ದಳು. ಯಂತ್ರದ ಬಾಯಿಗೆ ಹತ್ತಿ ಒತ್ತುತ್ತಲೇ ಕೂಗಿ ಹೇಳುತ್ತಿದ್ದಳು: “ಇದು ಅತ್ತಿ ಮನಿ ಕಂಡಿಲ್ಲ ನೋಡ್ರವಾ. ಎಷ್ಟ ಹಾಕಿದ್ರೂ ಸಾಕ ಅನ್ನೂದಿಲ್ಲ!” ಸಂಜೆ ಎಲ್ಲರ ತಲೆಯೂ ಬೆಳ್ಳಗಾಗಿರುತ್ತಿತ್ತು. ಆಗ ಹೇಳುವಳು: “ಬರೂಮುಂದ ಹರೇದಾಕೇರು, ಹೋಗೂಮುಂದ ಮುದಿಕೇರು. ನಿಮ್ಮ ಗಂಡಂದ್ರಿಗಿ ಗುರುತ ಹತ್ತೂದಿಲ್ಲ, ಹೆಸರ ಹೇಳಿ ಒಳಗ ಹೋಗ್ರಿ.” ಹೆಂಗಸರು ನಗುತ್ತಿದ್ದರು. ನಗುತ್ತ ಕೆಮ್ಮುತ್ತಿದ್ದರು. ಆದರೂ ಮನೆಯವರೆಗೆ ಕಾಲು ಎತ್ತಿಡಲು ಅಷ್ಟು ಸಾಕಾಗುತ್ತಿತ್ತು.

ಈ ನಗು ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಪ್ಲೇಗಿನ ವರ್ಷ ಊರೆಲ್ಲ ಹೊಲಗಳಿಗೆ ಹೋಗಿ ಗುಡಿಸಲು ಹಾಕಿಕೊಂಡಿತ್ತು. ಅಲ್ಲಿ ಅವಳ ಗಂಡ ಯಮನಪ್ಪ ಸತ್ತ. ಮೊಲೆ ಬಿಡದ ಮಗ ಸತ್ತ. ಹೆಣ ಹೊರಲು ಯಾರೂ ಬರಲಿಲ್ಲ. ಗಂಡನನ್ನು ಕಂಬಳಿಯ ಮೇಲೆ ಹಾಕಿ ಅವಳೇ ಎಳೆದುಕೊಂಡು ಹೋದಳು. ಕುಣಿಯನ್ನೂ ಅವಳೇ ತೋಡಿದಳು. ಆಮೇಲೆ ಮಾತು ಬಿಟ್ಟಳು. ಅನ್ನ ಬಿಟ್ಟಳು. ಪಕ್ಕದ ಗುಡಿಸಲಿನ ಶೆಟ್ಟೆವ್ವ ದಿನಾ ಅಂಬಲಿ ತಂದು ಬಾಯಿಗೆ ಇಡುತ್ತಿದ್ದಳು. ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದು ದಿನ ಶೆಟ್ಟೆವ್ವ ಗಡಿಗೆಯನ್ನು ಬದಿಗಿಟ್ಟು ಇವಳಿಗೆ ಬುದ್ಧಿ ಹೇಳುತ್ತ ಕೂತಾಗ ಆಡೊಂದು ಬಂದು ಗಡಿಗೆಗೆ ಬಾಯಿ ಹಾಕಿತು. ಶೆಟ್ಟೆವ್ವ ಎಳೆದಳು. ಕೊಂಬು ಸಿಕ್ಕಿಕೊಂಡು ಆಡು ಗಡಿಗೆಯನ್ನೇ ತಲೆಗೆ ಹಾಕಿಕೊಂಡು ಓಡಿತು. ಶೆಟ್ಟೆವ್ವ ಆಡಿನ ತಾಯಿ ತಂದೆಗಳನ್ನೆಲ್ಲ ಬಯ್ಯುತ್ತ ಹಿಂದೆ ಓಡಿದಳು. ಬಾಯವ್ವನಿಗೆ ನಗು ಬಂತು. ತಡೆಯಲಾಗದ ನಗು. ಅದು ನಿಂತಾಗ ಹೊಟ್ಟೆ ಹಸಿದಿತ್ತು. ಅಳುವಾಗ ಮುಚ್ಚುವ ಗಂಟಲು ನಕ್ಕಾಗ ತೆರೆಯುತ್ತದೆ ಎಂದು ಅವಳಿಗೆ ಅವತ್ತು ತಿಳಿಯಿತು. ಬದುಕುವುದಾದರೆ ಹೀಗೆಯೇ ಎಂದು ಗಟ್ಟಿ ಮಾಡಿಕೊಂಡಳು. ಗುಡಿಸಲಿನಲ್ಲಿ ಇದ್ದಬದ್ದ ಪಾತ್ರೆಗಳನ್ನೂ ಯಾರೋ ಹೊತ್ತುಕೊಂಡು ಹೋಗಿದ್ದರು. ಅವಳದು ಅಂತ ಉಳಿದದ್ದು ಇದೊಂದೇ.

ವಿಲಾಯತಿಯ ಕಡೆ ಯುದ್ಧ ಸುರುವಾದ ಮರುವರ್ಷ ಹತ್ತಿ ಸುಗ್ಗಿಗೆ ಜಿನ್ನು ತೆರೆದಾಗ ಸಾವಕಾರ ಹೆಂಗಸರನ್ನೆಲ್ಲ ಅಂಗಳದಲ್ಲಿ ಕೂಡಿಸಿದ. ತಾನು ಕಟ್ಟೆಯ ಮೇಲೆ ನಿಂತ. ಹಣೆ ತುಂಬ ವಿಭೂತಿ, ತೊಳೆದ ಧೋತರ. ಈ ಮನುಷ್ಯ ಎಂದೂ ಯಾರ ಮೇಲೂ ಕೈ ಎತ್ತಿದವನಲ್ಲ. ಜೋರಾಗಿ ಮಾತಾಡಿದವನೂ ಅಲ್ಲ.

“ರಾಜರು ರಾಜರು ಹೊಡದಾಡಾಕ ಹತ್ಯಾರ. ಹಡಗ ಬಂದರದಾಗ ನಿಂತಾವ. ಅರಳಿ ಕೇಳವ್ರಿಲ್ಲ. ಹಿಂಗಾಗಿ ಈ ಸಲ ಕೂಲಿ ಅರ್ಧಾ. ಅದೂ ರೊಕ್ಕಾ ಅಲ್ಲ, ಜೋಳಾ ಕೊಡತೇನಿ. ನಾನೂ ಕಷ್ಟದಾಗ ಅದೀನಿ, ನೀವೂ ಅದೀರಿ. ಕಷ್ಟಾ ಹಂಚ್ಕೊಂಡ ಉಣ್ಣೂಣು. ಒಲ್ಲೆ ಅನ್ನವ್ರು ಈಗ ಹೋಗಬಹುದು.”

ಯಾರೂ ಏಳಲಿಲ್ಲ. ಹೋಗುವುದು ಎಲ್ಲಿಗೆ? ಅದೇ ತಿಂಗಳು ಸಾವಕಾರನ ಮನೆಗೆ ಮೇಲ್ಮಾಳಿಗೆ ಏಳುತ್ತಿತ್ತು. ಅದಕ್ಕೆ ಕಲ್ಲು ಹೊರುತ್ತಿದ್ದವರು ಈ ಹೆಂಗಸರ ಗಂಡಂದಿರೇ. ಎಲ್ಲರಿಗೂ ಅದು ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಆ ಮೌನ ಬಾಯವ್ವನಿಗೆ ತಡೆಯಲಾಗಲಿಲ್ಲ. ಕೂತಲ್ಲಿಂದಲೇ ಅಂದಳು:

“ಚೊಲೊ ಆತ್ ಬಿಡ್ರಿ ಸಾವ್ಕಾರ್ರ. ಅರ್ಧಾ ಹೊಟ್ಟಿ ಆದ್ರ ಸೀರಿನೂ ಅರ್ಧಾ ಸಾಕಾಕ್ಕೈತಿ. ಸುತ್ತಾಕ ಮೈಯರ ಎಲ್ಲಿರತೈತಿ?”

ಹೆಂಗಸರು ಕಹಿಯಾಗಿ ನಕ್ಕರು. ಸಾವಕಾರನೂ ನಕ್ಕ. ಅವನ ಮುಖ ಅರಳಿತು.

“ನೋಡ್ರಿ! ಇದಕ್ಕ ಮನಸ್ಸು ಅಂತಾರ. ಗಂಡ ಇಲ್ಲ, ಮಕ್ಕಳಿಲ್ಲ. ಆದ್ರೂ ನಗಾಕ ಹತ್ತಾಳ. ಕಷ್ಟಾ ಅನ್ನೂದು ಹೊಟ್ಟ್ಯಾಗ ಇಲ್ಲ, ಮನಸಿನ್ಯಾಗ ಐತಿ. ಬಾಯವ್ವನ್ನ ನೋಡಿ ಕಲೀರಿ.”

ಅಂದಿನಿಂದ ಅದು ಪದ್ಧತಿಯಾಯಿತು. ಸಂಜೆ ಜೋಳ ಅಳೆಯುವ ಮೊದಲು ಸಾವಕಾರ ಕಟ್ಟೆಗೆ ಬಂದು ನಿಲ್ಲುತ್ತಿದ್ದ. ಸಮಾಧಾನದ ಮಾತು ಹೇಳುತ್ತಿದ್ದ. ಹೆಂಗಸರು ದುಡಿದು ಬಾಗಿದ ಬೆನ್ನಿನಲ್ಲೇ ಕೂತು ಕೇಳಬೇಕು. ಕೊನೆಗೆ ಬಾಯವ್ವನನ್ನು ಎಬ್ಬಿಸಿ ನಿಲ್ಲಿಸುತ್ತಿದ್ದ.

“ಬಾಯವ್ವಾ, ಹೆಂಗದೀಯ?”

“ಚೊಲೊ ಅದೀನ್ರೀ ಯಪ್ಪಾ.”

ಅದಕ್ಕೊಂದು ನಗೆಮಾತು ಸೇರಿಸುತ್ತಿದ್ದಳು. ಸಾವಕಾರ ನಗುತ್ತಿದ್ದ. ಆಮೇಲೆ ಕೂಲಿಗಳ ಮೇಲ್ವಿಚಾರಕ, ಮುಕಾದಮ ಬಸಲಿಂಗಪ್ಪ ಹೆಂಗಸರ ಉಡಿಗೆ ಮೇಲಿನಿಂದ ಜೋಳ ಸುರಿಯುತ್ತಿದ್ದ. ಸೇರಿನ ಅಂಚು ಅವರ ಸೀರೆಗೆ ತಾಗದ ಹಾಗೆ ಎತ್ತಿ ಹಿಡಿಯುತ್ತಿದ್ದ. ಅರ್ಧ ಕಾಳು, ಅರ್ಧ ನುಸಿ. ಬಾಯವ್ವನ ಉಡಿಗೆ ಮಾತ್ರ ಒಂದು ಹೆಂಟೆ ಬೆಲ್ಲವೂ ಬೀಳುತ್ತಿತ್ತು.

ಮೊದಮೊದಲು ಅವಳಿಗೆ ಹೆಮ್ಮೆಯೇ ಆಯಿತು. ಊರ ಸಾವಕಾರ ಹೊಲಗೇರಿಯ ಹೆಂಗಸಿನ ಹೆಸರನ್ನು ಬಾಯಿ ತುಂಬ ಕರೆಯುತ್ತಾನೆ. ಬೆಲ್ಲವನ್ನು ಒಯ್ದು ಶೆಟ್ಟೆವ್ವನಿಗೆ ಕೊಡುತ್ತಿದ್ದಳು. ಅದೇ ಸಾಲಿನಲ್ಲಿ ದುಡಿಯುತ್ತಿದ್ದ ಶೆಟ್ಟೆವ್ವನಿಗೆ ವಯಸ್ಸಾಗಿತ್ತು. ಕೆಮ್ಮು ಎದೆಯ ಬುಡದಿಂದ ಏಳುತ್ತಿತ್ತು. ಬೆಲ್ಲ ಚೀಪಿದರೆ ಸ್ವಲ್ಪ ಹೊತ್ತು ತಗ್ಗುತ್ತಿತ್ತು.

ಶೆಟ್ಟೆವ್ವನ ಮಗಳು ಮಾಯವ್ವ ಬಾಯವ್ವನ ಪಕ್ಕದ ಯಂತ್ರದಲ್ಲಿ ಕೂರುತ್ತಿದ್ದಳು. ಅವಳಿಗೆ ಈ ಬೆಲ್ಲ ಸೇರುತ್ತಿರಲಿಲ್ಲ. ಒಂದು ಸಂಜೆ ನೇರವಾಗಿ ಕೇಳಿದಳು.

“ಚಿಗವ್ವಾ, ನೀ ಚೊಲೊ ಅದೀನಿ ಅಂದ್ರ ನಾವು ಹ್ಯಾಂಗ ಕೆಟ್ಟೈತಿ ಅನ್ನೂದು?”

“ಅಂವಾ ಕೇಳತಾನ, ನಾ ಹೇಳತೇನಿ. ಅತ್ತರ ಜೋಳಾ ಹೆಚ್ಚಿಗಿ ಕೊಡತಾನೇನ?”

“ಅಳಬ್ಯಾಡ. ಸುಮ್ಮನರ ಇರು.”

ಬಾಯವ್ವ ಅದನ್ನೂ ನಗೆಯಲ್ಲೇ ತೇಲಿಸಿದಳು.

ಬಿಸಿಲು ಏರಿತು. ಒಳಗಿನ ಗಾಳಿ ಕೆಂಡವಾಯಿತು. ಶೆಟ್ಟೆವ್ವನಿಗೆ ಉಸಿರು ಹಿಡಿಯತೊಡಗಿತು. ಒಂದು ಸಂಜೆ ಅವಳು ಧೈರ್ಯ ಮಾಡಿ ಕಟ್ಟೆಯ ಮುಂದೆ ಹೋಗಿ ನಿಂತಳು. ಮೊಣಕಾಲಿಗೆ ಕೈ ಊರಿ ನಿಂತಳು.

“ಯಪ್ಪಾ, ನನ್ನ ಹೊರಗ ಅಂಗಳದಾಗ ಹತ್ತಿ ಒಣಗಸಾಕ ಹಾಕ್ರಿ. ಧೂಳ ತಡಕೊಳ್ಳಾಕ ಆಗವಲ್ತು. ಎದಿ ಬಿಗೀತೈತಿ.”

ಸಾವಕಾರ ಸಿಟ್ಟಾಗಲಿಲ್ಲ. ತಾಳ್ಮೆಯಿಂದ ಕೇಳಿಸಿಕೊಂಡ.

“ಶೆಟ್ಟೆವ್ವಾ, ಅದ ಧೂಳ ಬಾಯವ್ವನ ಮೂಗಿನ್ಯಾಗೂ ಹೋಗತೈತಿ. ಆಕಿ ನೋಡು, ಹ್ಯಾಂಗದಾಳ. ಕೆಮ್ಮಾಕ ಹತ್ತಿದ್ದು ನಿನ್ನ ಎದಿ ಅಲ್ಲ, ನಿನ್ನ ಮನಸ್ಸು. ಅದನ್ನ ಗಟ್ಟಿ ಮಾಡ್ಕೊ. ಏನ್ ಬಾಯವ್ವಾ, ಹೌದಿಲ್ಲೊ?”

ಎಲ್ಲರೂ ಬಾಯವ್ವನ ಕಡೆ ತಿರುಗಿದರು. ಶೆಟ್ಟೆವ್ವನೂ ತಿರುಗಿದಳು. ಬಾಯವ್ವನ ಮುಖದಲ್ಲಿ ದಿನದ ರೂಢಿಯ ನಗು ಇತ್ತು. ಅದನ್ನು ಇಳಿಸಬೇಕೆಂದುಕೊಂಡಳು. ಇಳಿಯಲಿಲ್ಲ. ಅವಳು ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಮುಖ ನಗುತ್ತಲೇ ಇತ್ತು. ಸಾವಕಾರನಿಗೆ ಅಷ್ಟು ಸಾಕಾಯಿತು.

ಶೆಟ್ಟೆವ್ವ ಮತ್ತೆ ಒಳಗೇ ಕೂತಳು.

ಕೆಲವು ದಿನಕ್ಕೆ ಅದು ನಡೆಯಿತು. ಮಧ್ಯಾಹ್ನ. ಶೆಟ್ಟೆವ್ವನಿಗೆ ಕೆಮ್ಮು ಬಂತು. ಬಿಡದೆ ಬಂತು. ಕೆಮ್ಮುತ್ತ ಮುಂದಕ್ಕೆ ಬಾಗಿದಳು. ಹತ್ತಿಯ ಜೊತೆ ಕೈಯೂ ಒಳಗೆ ಹೋಯಿತು. ಕೂಗು ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಬಾಯವ್ವ ಕಂಡದ್ದು ಅರಳಿ. ಆಚೆ ಬೀಳುತ್ತಿದ್ದ ಬಿಳಿ ಅರಳಿ ಕೆಂಪಾಗಿತ್ತು. ಬೆಲ್ಟು ಕಳಚಿ ಉರುಳೆ ನಿಲ್ಲಿಸಿ ಎಳೆದಾಗ ಬೆರಳುಗಳು ಇರಲಿಲ್ಲ. ಅಂಗೈ ಜಜ್ಜಿದ ಹಣ್ಣಿನಂತೆ ಜೋತಾಡುತ್ತಿತ್ತು. ಬಸಲಿಂಗಪ್ಪ ಓಡಿಬಂದ. ಮೊದಲು ಕೆಂಪು ಅರಳಿಯನ್ನು ಬೇರೆ ಮಾಡಿಸಿದ.

ಮಾಯವ್ವ ಸಾವಕಾರನ ಕಾಲ ಬಳಿ ನೆಲಕ್ಕೆ ಬಿದ್ದು ದವಾಖಾನೆಗೆ ಗಾಡಿ ಕೇಳಿದಳು.

“ಗಾಡಿ ಕಲ್ಲಿಗಿ ಹೋಗ್ಯಾವ. ನಾಳಿ ಕಳಸತೇನಿ. ಅಂಜಬ್ಯಾಡ, ಧೈರ್ಯಾ ಹೇಳು ಅವ್ವಗ.”

ಶೆಟ್ಟೆವ್ವನನ್ನು ಕಂಬಳಿಯಲ್ಲಿ ಹೊತ್ತು ಕೇರಿಗೆ ತಂದರು. ಸುಣ್ಣ ಅರಿಶಿಣ ಒತ್ತಿ ಕಟ್ಟಿದರು. ಗಾಡಿ ನಾಳೆಯೂ ಬರಲಿಲ್ಲ, ನಾಡಿದ್ದೂ ಬರಲಿಲ್ಲ. ಮಾಳಿಗೆಯ ಕೆಲಸ ಮಳೆಯೊಳಗೆ ಮುಗಿಯಬೇಕಿತ್ತು. ಕೈ ಬಾತು ಕಪ್ಪಾಯಿತು. ಆಮೇಲೆ ದವಡೆ ಕಚ್ಚಿಕೊಂಡಿತು. ಬಾಯವ್ವ ಅಂಬಲಿ ತಂದು ಅವಳ ಬಾಯಿಗೆ ಇಟ್ಟಳು. ಹಲ್ಲುಗಳ ನಡುವೆ ಒಂದು ಹನಿಯೂ ಹೋಗಲಿಲ್ಲ. ಎರಡೂ ಕಡೆ ಇಳಿದು ಕೌದಿಗೆ ಹೋಯಿತು. ಬಾಯವ್ವ ಒರೆಸುತ್ತ ಮತ್ತೆ ಇಟ್ಟಳು. ಮತ್ತೆ ಇಳಿಯಿತು. ಹಾಗೇ ಶೆಟ್ಟೆವ್ವ ಸತ್ತಳು.

ಸಾವಕಾರ ಹೆಣಕ್ಕೆ ಹೊಸ ಬಟ್ಟೆ ಕಳಿಸಿದ.

ಮಣ್ಣು ಮಾಡಿ ಬರುವಾಗ ಮಾಯವ್ವ ನಿಂತು ಹೇಳಿದಳು. ಅಳುತ್ತಿರಲಿಲ್ಲ.

“ಮಿಶಿನ್ನ ಬರೇ ಕೈ ತಿಂತು. ನಮ್ಮವ್ವನ್ನ ನಿನ್ನ ನಗು ತಿಂತು, ಚಿಗವ್ವಾ.”

ಬಾಯವ್ವ ಬಾಯಿಗೆ ಸೆರಗು ಒತ್ತಿ ನಡೆದಳು. ಅವಳ ಎದೆಯಲ್ಲೂ ಬಹಳ ದಿನಗಳಿಂದ ಒಂದು ಕುಟುಕು ಇತ್ತು. ಮುಂಜಾನೆ ಉಗುಳಿದರೆ ಉಗುಳು ಕೆಂಪಾಗಿರುತ್ತಿತ್ತು. ಅದನ್ನು ಮಣ್ಣೆಳೆದು ಮುಚ್ಚುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ನಗುವವಳು ಅದನ್ನು ಹೇಗೆ ಹೇಳಬೇಕು?

ಕೆಲಸ ನಿಲ್ಲಲಿಲ್ಲ. ಶೆಟ್ಟೆವ್ವನ ಜಾಗದಲ್ಲಿ ಬೇರೆ ಹೆಂಗಸು ಕೂತಳು.

ಆ ವಾರದಲ್ಲೇ ಸಾವಕಾರನ ಜಿನ್ನಿಗೆ ಬೀಗರೂ ಪೇಟೆಯವರೂ ಬಂದರು. ಸವದತ್ತಿಯ ವ್ಯಾಪಾರಿ ವೀರಪ್ಪ ಬಂದ. ರಾಮದುರ್ಗದಿಂದ ಸಂಗಪ್ಪ ಬಂದ. ಇಬ್ಬರೂ ಸ್ವಂತ ಜಿನ್ನು ಇದ್ದವರು. ಅವರ ಕಡೆ ಕೂಲಿ ಇಳಿಸಿದ್ದಕ್ಕೆ ಗದ್ದಲವಾಗಿತ್ತು. ಇಲ್ಲಿ ಯಾಕೆ ಆಗಲಿಲ್ಲ ಎಂದು ನೋಡಲು ಬಂದಿದ್ದರು. ಅಂಗಳದಲ್ಲಿ ಬಿಳಿ ಜಮಖಾನ ಹಾಸಿದ್ದರು. ಅದರ ಪಕ್ಕ ಆ ದಿನದ ಅರಳಿಯನ್ನು ರಾಶಿ ಹಾಕಿದ್ದರು. ವ್ಯಾಪಾರಿಗಳು ಅದನ್ನು ಚಿಮುಟಿ, ಎಳೆದು, ಎಳೆ ನೋಡುತ್ತಿದ್ದರು. ಹೆಂಗಸರು ಎದುರಿಗೆ ಮಣ್ಣಿನಲ್ಲಿ ಕೂತಿದ್ದರು.

ಸಾವಕಾರ ಸಮಾಧಾನದ ಮಾತು ಹೇಳಿದ. ಅವತ್ತು ಶೆಟ್ಟೆವ್ವನ ಹೆಸರನ್ನೂ ಎತ್ತಿದ.

“ಪಾಪ, ಚೊಲೊ ಹೆಣ್ಣಮಗಳು. ಆದ್ರ ಮನಸ್ಸು ಸೋತಿತ್ತು. ಮನಸ್ಸು ಸೋತವ್ರ ಕೈ ಜಾರತಾವ.”

ಮಾಯವ್ವ ನೆಲದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದಳು.

ಸಾವಕಾರ ಅತಿಥಿಗಳ ಕಡೆ ತಿರುಗಿದ. “ಇಲ್ಲೇ ಐತ್ರಿ ಗುಟ್ಟು. ಹೆದರಸೂದ ಬ್ಯಾಡ, ಹೊಡೆಯೂದ ಬ್ಯಾಡ. ಇಂಥಾಕಿ ಒಬ್ಬಾಕಿನ ನಿಮ್ಮ ಜಿನ್ನಿನ್ಯಾಗೂ ಹುಡುಕಿ ಇಟಗೋರಿ. ಉಳದವ್ರು ತಾವ ಸುಮ್ಮನಾಕ್ಕಾರ. ಬಾಯವ್ವಾ, ಏಳು.”

ಬಾಯವ್ವ ಎದ್ದಳು. ಸವದತ್ತಿಯ ಜಿನ್ನು ಅವಳು ನೋಡಿರಲಿಲ್ಲ. ಅಲ್ಲಿಯೂ ಸಾಲಾಗಿ ಕೂತ ಹೆಂಗಸರು ಕಣ್ಣ ಮುಂದೆ ಬಂದರು. ಅಲ್ಲಿಯೂ ಒಬ್ಬ ಶೆಟ್ಟೆವ್ವ ಇರುತ್ತಾಳೆ. ರಾಮದುರ್ಗದಲ್ಲೂ ಇರುತ್ತಾಳೆ.

“ಹೆಂಗದೀಯ?”

“ಹಸದೀನ್ರಿ.”

ಸಾವಕಾರ ನಕ್ಕ. “ಕೇಳ್ರಿ, ಸುರು ಆತು ಈಕಿ ಚ್ಯಾಷ್ಟಿ.”

“ಚ್ಯಾಷ್ಟಿ ಅಲ್ರಿ. ಹಸದೀನಿ. ಇವ್ರೂ ಹಸದಾರ.”

ಅತಿಥಿಗಳೂ ನಕ್ಕರು. ಹೇಳುವ ರೀತಿಯೇ ಚಂದ ಎಂದು ಸಂಗಪ್ಪ ಅಂದ. ಬಾಯವ್ವ ಸುತ್ತ ನೋಡಿದಳು. ನಿಜ ಹೇಳಿದರೂ ನಗುತ್ತಾರೆ. ಇಷ್ಟು ದಿನ ನಗಿಸಿದ ಬಾಯಿ ಅದು. ಆ ಬಾಯಿಂದ ಏನು ಬಂದರೂ ಅವರಿಗೆ ನಗೆಯೇ. “ಶೆಟ್ಟೆವ್ವನ್ನ ನೀವ ಕೊಂದ್ರಿ” ಅಂದಳು. ವೀರಪ್ಪನ ಮುಖದಲ್ಲಿ ಇನ್ನೂ ನಗು ಉಳಿದಿತ್ತು. ಮುಂದೆ ಏನೋ ಮೋಜಿನ ಮಾತು ಬರುತ್ತದೆ ಎಂದು ಕಾದಿದ್ದ.

ಬಾಯವ್ವ ನಡೆದಳು. ಮಣ್ಣು ದಾಟಿದಳು. ತನ್ನಂಥವರು ದಾಟಬಾರದ ಜಮಖಾನದ ಅಂಚಿಗೆ ಬಂದು ನಿಂತಳು. ಅಷ್ಟು ದಿನ ಒಳಗೇ ಅದುಮಿಟ್ಟ ಕೆಮ್ಮನ್ನು ಬಿಟ್ಟಳು. ಮೈ ಎರಡಾಗಿ ಮಡಚಿಕೊಂಡಿತು. ಕೆಮ್ಮಿದಳು. ಎದೆಯ ಬುಡದಿಂದ ಎಳೆದು ತಂದಳು. ಬಿಳಿ ಅರಳಿಯ ರಾಶಿಯ ನಟ್ಟನಡುವೆ ಉಗುಳಿದಳು.

ಕಪ್ಪುಗಟ್ಟಿದ ರಕ್ತ. ಅದರೊಳಗೆ ಧೂಳಿನ ಗೆರೆ.

ಯಾರೂ ನಗಲಿಲ್ಲ.

“ಇದನ್ನ ನೋಡ್ರಿ” ಅಂದಳು. ಧ್ವನಿ ಒಡೆದಿತ್ತು. “ಹೆಂಗದೀಯ ಅಂತ ದಿನಾ ಕೇಳತಿದ್ರೆಲ್ಲ. ಹಿಂಗದೀನಿ.”

ವೀರಪ್ಪ ಧೋತರ ಎತ್ತಿ ಹಿಂದೆ ಸರಿದ. ರಾಶಿಯೇ ಮೈಲಿಗೆಯಾಯಿತು ಎಂದು ಯಾರೋ ಕೂಗಿದರು. ಸಾವಕಾರನ ಮುಖ ಬೇರೆಯಾಯಿತು. ಅಂಥ ಧ್ವನಿಯನ್ನು ಹೆಂಗಸರು ಅವನ ಬಾಯಲ್ಲಿ ಕೇಳಿರಲಿಲ್ಲ.

“ಹೊಡಿಯೋ ಆ ಹೊಲ್ಯಾರಾಕಿನ್ನ!”

ಬಸಲಿಂಗಪ್ಪ ಯಂತ್ರದ ಹಳೆಯ ಬೆಲ್ಟು ತಂದ. ಬಾಯವ್ವ ಓಡಲಿಲ್ಲ. ಮೊದಲ ಏಟು ಹೆಗಲಿಗೆ ಬಿತ್ತು. ಎರಡನೆಯದು ಬೆನ್ನಿಗೆ. ಕುಪ್ಪಸ ಹರಿಯಿತು. ಅವಳು ಮಣ್ಣಿಗೆ ಬಿದ್ದಳು. ಬಿದ್ದಾಗಲೂ ಹೊಡೆದ. ಮಾಯವ್ವ ಹೋಗಿ ಅವಳ ಮೇಲೆ ಬಿದ್ದುಕೊಂಡಳು. ಅವಳಿಗೂ ಬಿತ್ತು. ಆಮೇಲೆ ಇನ್ನೊಬ್ಬಳು ಎದ್ದಳು. ಮತ್ತೊಬ್ಬಳು. ಬಯ್ಯಲಿಲ್ಲ, ಕೂಗಲಿಲ್ಲ. ಬಂದು ಸುತ್ತ ನಿಂತರು. ಬೆಲ್ಟು ಬೀಸಲು ಜಾಗ ಇಲ್ಲದಂತೆ ನಿಂತರು.

“ಜೋಳಾ ಸಿಗೂದಿಲ್ಲ!” ಎಂದು ಸಾವಕಾರ ಕೂಗಿದ. “ಇವತ್ತಿಂದಷ್ಟ ಅಲ್ಲ, ಎಂದಿಂದೂ ಸಿಗೂದಿಲ್ಲ!”

ಕೆಲವರು ಮತ್ತೆ ಕೂತರು. ಮನೆಯಲ್ಲಿ ಸಣ್ಣ ಮಕ್ಕಳಿದ್ದವರು. ಉಳಿದವರು ಬಾಯವ್ವನನ್ನು ಎತ್ತಿಕೊಂಡು ಬಾಗಿಲು ದಾಟಿದರು. ಖಾಲಿ ಉಡಿಯಲ್ಲೇ ದಾಟಿದರು. ಕೂತವರನ್ನು ಯಾರೂ ಬಯ್ಯಲಿಲ್ಲ.

ಮುಂದಿನ ದಿನಗಳು ಕೆಟ್ಟವು. ಸಾವಕಾರ ಸಂಗೊಳ್ಳಿಯ ಕಡೆಯಿಂದ ಹೊಸ ಹೆಂಗಸರನ್ನು ತರಿಸಿದ. ಅವರಿಗೆ ಕೈ ಕೂಡಲಿಲ್ಲ. ಅರ್ಧ ಯಂತ್ರಗಳು ನಿಂತೇ ಇದ್ದವು. ಆದರೂ ಜಿನ್ನು ನಡೆಯಿತು. ಕೇರಿಯವರಿಗೆ ಊರಲ್ಲಿ ಯಾರೂ ಕೆಲಸ ಕೊಡದಂತಾಯಿತು. ಸಾವಕಾರನ ಮಾತು ಎಲ್ಲ ಹೊಲಗಳವರೆಗೂ ಹೋಗಿತ್ತು. ಗಂಡಸರನ್ನು ಮಾಳಿಗೆಯ ಕೆಲಸದಿಂದ ಬಿಡಿಸಿದರು. ಕೆಲವು ಗಂಡಸರು ಮನೆಯಲ್ಲಿ ಬಾಯವ್ವನ ಹೆಸರು ಹಿಡಿದು ಬೈದರು. ಕೇರಿಯಲ್ಲಿ ಹೊಂಗೆ ಎಲೆ ಬೇಯಿಸಿ ತಿಂದು ವಾಂತಿ ಮಾಡಿಕೊಂಡವರೂ ಇದ್ದರು. ಒಬ್ಬ ಮುದುಕ ಹಸಿವಿನಿಂದ ಸತ್ತ. ಬಾಯವ್ವ ಅವನ ಮನೆಯ ಮುಂದೆ ಹೋಗಿ ಕೂತಳು. ಆ ಮನೆಯವರು ಅವಳನ್ನು ಬಾ ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ಸಂಜೆಯವರೆಗೆ ಕೂತಿದ್ದು ಎದ್ದು ಬಂದಳು.

ಬೆನ್ನಿನ ಗಾಯ ಒಣಗುವ ಮೊದಲೇ ಸವದತ್ತಿ ರಸ್ತೆಗೆ ಜಲ್ಲಿ ಒಡೆಯುವ ಕೆಲಸ ಸುರುವಾಯಿತು. ಅದು ಸರಕಾರದ ಕೆಲಸ, ಸಾವಕಾರನ ಕೈ ಅಲ್ಲಿಗೆ ತಲುಪುತ್ತಿರಲಿಲ್ಲ. ಹೆಂಗಸರು ಹೋದರು. ನೆರಳಿಲ್ಲದ ಬಯಲು. ಸುತ್ತಿಗೆ ಹಿಡಿದು ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದವು. ಕಣ್ಣಿಗೆ ಚೂರು ಸಿಡಿಯುತ್ತಿತ್ತು. ಆದರೆ ಗಾಳಿ ಇತ್ತು. ಉಸಿರಾಡಬಹುದಿತ್ತು. ಬಾಯವ್ವನ ಮೈ ಕಟ್ಟಿಗೆಯಾಗಿತ್ತು. ದೊಡ್ಡ ಕಲ್ಲು ಅವಳಿಂದ ಒಡೆಯುತ್ತಿರಲಿಲ್ಲ. ಮಾಯವ್ವ ದೊಡ್ಡದನ್ನು ಒಡೆದು ಚಿಕ್ಕದನ್ನು ಅವಳ ಕಡೆ ತಳ್ಳುತ್ತಿದ್ದಳು. ಇಬ್ಬರ ನಡುವೆ ಹೆಚ್ಚು ಮಾತಿರಲಿಲ್ಲ. ಬುತ್ತಿ ಬಿಚ್ಚಿದರೆ ಮಾಯವ್ವ ರೊಟ್ಟಿ ಮುರಿದು ಮೊದಲ ತುಂಡನ್ನು ಅವಳ ಕೈಗೆ ಇಡುತ್ತಿದ್ದಳು.

ಒಂದು ದಿನ ಬಸಲಿಂಗಪ್ಪ ಬಂದ. ಮಾರು ದೂರದಲ್ಲಿ ನಿಂತ. ಬಿಸಿಲಿಗೆ ರುಮಾಲು ಮುಂದಕ್ಕೆ ಎಳೆದುಕೊಂಡಿದ್ದ.

“ಬಾಯವ್ವಾ, ಸಾವ್ಕಾರ್ರು ಕಳಸ್ಯಾರ. ಆದದ್ದ ಆತು ಅಂದಾರ. ನಿನಗ ಪೂರ್ತಿ ಕೂಲಿ. ನಿನಗೊಬ್ಬಾಕಿಗೆ. ಯಂತ್ರಕ್ಕ ಕೂಡ್ರೂದೂ ಬ್ಯಾಡ. ಹೊಸಾ ಹೆಂಗಸ್ರು ಒಬ್ಬರಿಗೊಬ್ಬರು ಪಿಸುಪಿಸು ಅನ್ನಾಕ ಹತ್ಯಾರ. ನೀ ಬಂದು ನಡುವ ಕುಂತು ಮೊದಲಿನಂಗ ನಕ್ಕೋಂತ ಇದ್ರ ಸಾಕಂತ.”

ಸುತ್ತಿಗೆಗಳು ನಿಂತವು. ಮಾಯವ್ವ ಬಾಯವ್ವನನ್ನು ನೋಡಿದಳು. ಪೂರ್ತಿ ಕೂಲಿ. ನೆರಳು. ಧೂಳಿದ್ದರೂ ಹೊಟ್ಟೆ ತುಂಬಿದರೆ ಈ ಮೈಗೆ ಅದು ಇನ್ನೆರಡು ವರ್ಷದ ಆಯುಷ್ಯ. ಅದು ಬಾಯವ್ವನಿಗೂ ಗೊತ್ತಿತ್ತು.

“ಮುಕಾದಮರ” ಅಂದಳು, “ನಿಮ್ಮ ಪಗಾರ ಎಷ್ಟ ಮಾಡ್ಯಾರ್ರಿ?”

ಬಸಲಿಂಗಪ್ಪ ಕಾಲಲ್ಲಿ ಜಲ್ಲಿ ಸರಿಸಿದ.

“ನಂದೂ ಅರ್ಧಾನ.”

“ಮತ್ತ ನೀವು ನಗಾಕ ಹತ್ತೀರೇನ್ರಿ?”

ಅವನು ರಸ್ತೆಯ ಕಡೆ ನೋಡಿದ. ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ಆ ಕಡೆ ನೋಡುತ್ತಲೇ ಕೇಳಿದ: “ಅವ್ರಿಗಿ ಏನಂತ ಹೇಳ್ಲಿ?”

“ನಮ್ಮ ಮನಸ್ಸಿಗಿ ಏನೂ ಆಗಿಲ್ಲ, ಗಟ್ಟಿ ಐತಿ ಅಂತ ಹೇಳ್ರಿ. ಕೆಟ್ಟದ್ದು ಕೂಲಿ. ಅದನ್ನ ಸರಿ ಮಾಡು ಅಂತ ಹೇಳ್ರಿ. ನನಗೊಬ್ಬಾಕಿಗಲ್ಲ, ಅಲ್ಲಿ ಕುಂತವ್ರಿಗೆಲ್ಲ. ನಿಮಗೂ.”

ಮಾಯವ್ವ ಒಂದು ಕಲ್ಲನ್ನು ಅವಳ ಕಡೆ ತಳ್ಳಿದಳು. ಬಾಯವ್ವ ಸುತ್ತಿಗೆ ಎತ್ತಿದಳು. ಚೂರು ಸಿಡಿಯಿತು. ಬಸಲಿಂಗಪ್ಪ ಮುಖ ತಿರುಗಿಸಿಕೊಂಡು ಹಿಂದೆ ಸರಿದ. ಆದರೆ ಹೊರಡಲಿಲ್ಲ. ಬಿಸಿಲಿನಲ್ಲಿ ಹಾಗೇ ನಿಂತಿದ್ದ.